ಪರಿಚಯ ಇಲ್ಲ ಅಂತ ಸುಮ್ನೆ ಕೂರಬೇಡಿ

(ದಾವಣಗೆರೆಯಲ್ಲಿ ಬಿ.ಕಾಂ ಮತ್ತು ಬಿಬಿಎ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮ ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದು ಕಳಿಸಿ ಅಂತ ನಿಮ್ಮ ಮೇಷ್ಟ್ರಿಗೆ ಹೇಳಿದ್ದೆ. ಎಲ್ಲ ಚೀಟಿಗಳನ್ನೂ ಓದಿದೆ. ಹೆಚ್ಚಿನವುಗಳಲ್ಲಿ ಇರೋದು ಒಂದೇ ಸಂಕಟ. "ನಮ್ಮಪ್ಪ ರೈತರು, ವ್ಯಾಪಾರ ಮಾಡೋರು ಯಾರೂ ಗೊತ್ತಿಲ್ಲ." "ಸಾಲ ಹೇಗೋ ಸಿಗಬಹುದು, ಆದರೆ ಕಾಂಟ್ಯಾಕ್ಟ್ಸ್ ಇಲ್ಲ." "ಓದಿದ್ದು ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತಾ?" ಈ ಮೂರು ಪ್ರಶ್ನೆಗೂ ನನ್ನ ಹತ್ತಿರ ಇರೋದು ಒಂದೇ ಉತ್ತರ. ಒಂದು ಸರಕಿನ ಲೆಕ್ಕವನ್ನು ತಳದಿಂದ ಕಲಿಯಿರಿ. ಅದನ್ನು ಕಲಿಯೋಕೆ ಹೋದ ಜಾಗದಲ್ಲೇ ಪರಿಚಯವೂ ಬೆಳೆಯುತ್ತೆ. ಜ್ಞಾನಕ್ಕೆ ಒಂದು ದಾರಿ, ಪರಿಚಯಕ್ಕೆ ಇನ್ನೊಂದು ದಾರಿ ಅಂತ ಇಲ್ಲ.

ಮೊದಲು ನೀವು ಕೂತಿರೋ ಊರನ್ನೇ ನೋಡಿ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದಾಗಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಗಿರಣಿ ಹೋದವು, ಊರು ನಿಲ್ಲಲಿಲ್ಲ. ಭದ್ರಾ ನಾಲೆಯ ನೀರಿಂದ ಭತ್ತ, ಅದರಿಂದ ರೈಸ್ ಮಿಲ್ಲು. ಮಳೆ ಆಶ್ರಯದ ಹೊಲದಲ್ಲೆಲ್ಲ ಮೆಕ್ಕೆಜೋಳ. ಚನ್ನಗಿರಿ ಕಡೆ ಹೋದರೆ ಅಡಿಕೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ಮಾಡುತ್ತಿತ್ತು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು. ಪಕ್ಕದ ಚಿತ್ರದುರ್ಗ ಜಿಲ್ಲೆಗೆ ಕಾಲಿಟ್ಟರೆ ಚಳ್ಳಕೆರೆಯ ಶೇಂಗಾ ಎಣ್ಣೆ, ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ, ಹೊಸದುರ್ಗದ ತೆಂಗು. ಇಷ್ಟೆಲ್ಲ ಇರೋ ಕಡೆ ಕೂತು, ಬೆಂಗಳೂರಿಗೆ ಹೋದರೆ ಮಾತ್ರ ಬಿಸಿನೆಸ್ ಕಲಿಯಬಹುದು ಅಂತ ಯಾಕೆ ಅಂದುಕೊಳ್ಳಬೇಕು?

ಒಂದೇ ಒಂದು ಸರಕು ಆರಿಸಿಕೊಳ್ಳಿ. ನಾನು ಮೆಕ್ಕೆಜೋಳ ತಗೊಳ್ತೀನಿ, ಯಾಕಂದ್ರೆ ನಾನು ಅನ್ನ ತಿಂದದ್ದು ಅದರಿಂದಲೇ. ಓದುವಾಗ ಸಂಜೆ ಹೊತ್ತು ಒಂದು ದಲಾಲಿ ಮಂಡಿಯಲ್ಲಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿಯಲ್ಲಿ, ಕೀರ್ದಿ (ದಿನದ ಲೆಕ್ಕದ ಪುಸ್ತಕ) ಬರೆಯುತ್ತಿದ್ದೆ. ಆಮೇಲೆ ಖಾಲಿ ಚೀಲದ ವ್ಯಾಪಾರಕ್ಕೆ ಇಳಿದೆ, ಈಗಲೂ ಅದೇ.

ಒಂದು ಲೆಕ್ಕ ಕೇಳ್ತೀನಿ. 100 ಕ್ವಿಂಟಲ್ ಮೆಕ್ಕೆಜೋಳ ಬಂತು, ತೇವಾಂಶ ನೂರಕ್ಕೆ 18 ಇದೆ. ಕಣದಲ್ಲಿ ಹರಡಿ, ಒಣಗಿಸಿ 14ಕ್ಕೆ ತಂದಿರಿ. ಈಗ ಎಷ್ಟು ಕ್ವಿಂಟಲ್ ಉಳಿಯುತ್ತೆ?

96 ಅಂದಿರಿ. ಹಿಂದಿನ ಬೆಂಚಿನವರೂ 96 ಅಂದರು. ಎಲ್ಲರೂ 18ರಲ್ಲಿ 14 ಕಳೆದಿರಿ. ಸರಿ, ಈಗ ಹೀಗೆ ನೋಡಿ. 100 ಕ್ವಿಂಟಲ್‌ನಲ್ಲಿ 18 ಕ್ವಿಂಟಲ್ ನೀರು, ಉಳಿದ 82 ಕ್ವಿಂಟಲ್ ಒಣ ಕಾಳು. ಬಿಸಿಲಿಗೆ ಹೋಗೋದು ನೀರು ಮಾತ್ರ, 82 ಹಾಗೇ ಇರುತ್ತೆ. ಒಣಗಿದ ಮೇಲೆ ತೇವಾಂಶ 14 ಅಂದರೆ, ಆ 82 ಕ್ವಿಂಟಲ್ ಈಗ ಒಟ್ಟು ತೂಕದ ನೂರಕ್ಕೆ 86 ಪಾಲು. 82ನ್ನು 0.86ರಿಂದ ಭಾಗಿಸಿ. 95.35 ಬರುತ್ತೆ. ಅಂದರೆ ಹೋದದ್ದು 4 ಕ್ವಿಂಟಲ್ ಅಲ್ಲ, 4 ಕ್ವಿಂಟಲ್ 65 ಕೆಜಿ.

65 ಕೆಜಿ ಏನು ಮಹಾ ಅನ್ನಿಸಬಹುದು. ಲೆಕ್ಕಕ್ಕೆ ಕ್ವಿಂಟಲ್‌ಗೆ 2,000 ರೂಪಾಯಿ ಅಂತ ಇಟ್ಟುಕೊಂಡರೆ 1,300 ರೂಪಾಯಿ. ಒಂದು ಲಾರಿಗೆ 250 ಕ್ವಿಂಟಲ್, ಸುಗ್ಗಿಯಲ್ಲಿ ಹತ್ತು ಲೋಡ್ ಅಂದುಕೊಳ್ಳಿ. 32,500 ರೂಪಾಯಿ ಎಲ್ಲಿ ಹೋಯಿತು ಅಂತ ಗೊತ್ತಾಗದೇ ಹೋಗಿಬಿಡುತ್ತೆ. ಹಮಾಲಿ, ಚೀಲ, ಲಾರಿ ಬಾಡಿಗೆ, ದಾರಿಯಲ್ಲಿ ಆಗೋ ತೂಕದ ಕೊರತೆ ಇದಕ್ಕೆ ಇನ್ನೂ ಸೇರಿಲ್ಲ. ಇದು ಹತ್ತನೇ ಕ್ಲಾಸಿನ ಗಣಿತ. ಆದರೆ ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕು ಅನ್ನೋದು ರಾಶಿ ಮುಂದೆ ನಿಂತಾಗಲೇ ತಲೆಗೆ ಹತ್ತೋದು.

ಇಂಥ ಒಂದು ಲೆಕ್ಕ ಕೈಯಲ್ಲಿದ್ದರೆ ಏನಾಗುತ್ತೆ ಗೊತ್ತಾ? ನಿಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತೆ. "ಯಜಮಾನ್ರೆ, ನನಗೆ ಬಿಸಿನೆಸ್ ಬಗ್ಗೆ ಹೇಳಿಕೊಡಿ" ಅಂತ ಮಂಡಿಗೆ ಹೋಗಿ ಕೇಳಿದರೆ ಅವರು ಚಹಾ ಕುಡಿಸಿ ಕಳಿಸುತ್ತಾರೆ. ಅವರ ತಪ್ಪೇನೂ ಅಲ್ಲ, ಅಂಥ ಪ್ರಶ್ನೆಗೆ ಯಾರು ತಾನೇ ಏನಂತ ಹೇಳ್ತಾರೆ? ಅದೇ, "ಯಜಮಾನ್ರೆ, ನೀವು 18ರ ಮಾಲು ತಗೊಂಡು ಒಣಗಿಸಿ ಕಳಿಸ್ತೀರಾ, ಅಥವಾ ರೇಟಲ್ಲೇ ಮುರಿದುಕೊಂಡು ಹಾಗೇ ಕಳಿಸ್ತೀರಾ? ಯಾವುದು ಗಿಟ್ಟುತ್ತೆ?" ಅಂತ ಕೇಳಿ ನೋಡಿ. ಕುರ್ಚಿ ಎಳೆದು ಕೂರಿಸಿ ಅರ್ಧ ಗಂಟೆ ಮಾತಾಡ್ತಾರೆ. ತಮ್ಮ ಕೆಲಸದ ಬಗ್ಗೆ ಸರಿಯಾದ ಪ್ರಶ್ನೆ ಕೇಳುವವರು ಯಾರಿಗೂ ದಿನಾ ಸಿಗೋದಿಲ್ಲ.

ಪ್ರಶ್ನೆ ಹುಟ್ಟಬೇಕಾದರೆ ಮೊದಲು ಮನೆಪಾಠ ಮಾಡಿರಬೇಕು. ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ರಾಜ್ಯದ ಎಪಿಎಂಸಿಗಳ ಧಾರಣೆ ದಿನವೂ ಸಿಗುತ್ತೆ, ಯಾರು ಬೇಕಾದರೂ ನೋಡಬಹುದು. ಒಂದು ನೋಟ್‌ಬುಕ್ ತಗೊಳ್ಳಿ. ದಾವಣಗೆರೆ, ರಾಣೆಬೆನ್ನೂರು, ಚಿತ್ರದುರ್ಗ, ಹುಬ್ಬಳ್ಳಿ, ಈ ನಾಲ್ಕು ಯಾರ್ಡಿನ ಮೆಕ್ಕೆಜೋಳದ ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚು ಮಾಲು ಮಾರಾಟವಾದ ಬೆಲೆ) ಮತ್ತು ಆವಕ (ಯಾರ್ಡಿಗೆ ಬಂದ ಮಾಲು) ಎಷ್ಟು ಅಂತ ದಿನಾ ಬರೆಯಿರಿ. ಒಂದು ಸುಗ್ಗಿ ಪೂರ್ತಿ ಬರೆಯಿರಿ. ಯಾವತ್ತು ಬೆಲೆ ಏರಿತು, ಅವತ್ತು ಆವಕ ಕಡಿಮೆ ಇತ್ತಾ, ಮಳೆ ಬಂದಿತ್ತಾ, ಅಥವಾ ಹೊರಗಿಂದ ಖರೀದಿದಾರರು ಬಂದಿದ್ದರಾ, ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ಹಾಕಿ. ಮೊದಲೆಲ್ಲ ನಮ್ಮ ಮೆಕ್ಕೆಜೋಳದ ಬೆಲೆ ಅಂದರೆ ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಸಾಕಣೆಯವರು ಮತ್ತು ಸ್ಟಾರ್ಚ್ ಕಾರ್ಖಾನೆಯವರು ಏನು ಕೊಡ್ತಾರೆ ಅನ್ನೋದರ ಮೇಲೆ ನಿಲ್ಲುತ್ತಿತ್ತು. ಈಚೆಗೆ ಎಥನಾಲ್ ಮಾಡುವವರೂ ದೊಡ್ಡ ಗಿರಾಕಿ ಆಗಿದ್ದಾರೆ. ಅಂದರೆ ಪೆಟ್ರೋಲಿಗೆ ಎಥನಾಲ್ ಬೆರೆಸುವ ಬಗ್ಗೆ ದೆಹಲಿಯಲ್ಲಿ ಆಗುವ ತೀರ್ಮಾನ ಜಗಳೂರಿನ ಕಣದವರೆಗೂ ಬಂದು ಮುಟ್ಟುತ್ತೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಬೇಡಿಕೆ ರೇಖೆ ಬಲಕ್ಕೆ ಸರಿಯುತ್ತೆ ಅಂತ ಓದಿದ್ದೀರಲ್ಲ, ಅದು ಇದೇ.

ಈಗ ಪರಿಚಯದ ವಿಷಯ. ಪರಿಚಯ ಅಂದ ಕೂಡಲೇ ನಮ್ಮ ಕಣ್ಣು ದೊಡ್ಡವರ ಮೇಲೆ ಹೋಗುತ್ತೆ. ಮಿಲ್ ಮಾಲೀಕರು, ರಾಜಕಾರಣಿ, ಬ್ಯಾಂಕಿನ ದೊಡ್ಡ ಅಧಿಕಾರಿ. ಅವರ ಜೊತೆ ಫೋಟೋ ತೆಗೆಸಿಕೊಂಡು ಸ್ಟೇಟಸ್ ಹಾಕಿದರೆ ಪರಿಚಯ ಆದಂಗೆ ಅಂತ ಅಂದುಕೊಳ್ಳುತ್ತೇವೆ. ನಾನು ಮಂಡಿಯಲ್ಲಿ ಕೀರ್ದಿ ಬರೆಯುತ್ತಿದ್ದಾಗ, ಮಾರುಕಟ್ಟೆಯ ಸುದ್ದಿ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಹಮಾಲರ ಮೇಸ್ತ್ರಿಗೆ. ಯಾವ ಅಂಗಡಿಗೆ ಎಷ್ಟು ಚೀಲ ಇಳಿಯಿತು, ಯಾರ ಗೋಡೌನ್ ತುಂಬಿದೆ, ಯಾರು ಮಾಲು ಎತ್ತದೇ ಸುಮ್ಮನಿದ್ದಾರೆ, ಎಲ್ಲ ಅವರ ಬೆನ್ನ ಮೇಲೇ ಹೋಗುತ್ತಿತ್ತಲ್ಲ. ಎರಡನೆಯವರು ಲಾರಿ ಬುಕಿಂಗ್ ಆಫೀಸಿನವರು. ಯಾವ ಊರಿಗೆ ಲಾರಿ ಸಿಗ್ತಾ ಇಲ್ಲ, ಯಾವ ಊರಿನ ಬಾಡಿಗೆ ಏರಿದೆ ಅಂತ ಅವರಿಗೆ ಗೊತ್ತಿದ್ದರೆ, ಮಾಲು ಎತ್ತ ಹೋಗ್ತಿದೆ ಅನ್ನೋದೂ ಗೊತ್ತಿದ್ದ ಹಾಗೇ. ಮೂರನೆಯವರು ಆಡಿಟರ್ ಆಫೀಸಿನಲ್ಲಿ ರಿಟರ್ನ್ ತುಂಬುವ ಹುಡುಗ ಹುಡುಗಿಯರು. ಅವರು ಯಾರ ಲೆಕ್ಕವನ್ನೂ ಹೊರಗೆ ಹೇಳಬಾರದು, ನೀವು ಕೇಳಲೂ ಬಾರದು. ಆದರೆ ಒಂದು ವ್ಯವಹಾರ ಕಾಗದದ ಮೇಲೆ ಹೇಗಿರಬೇಕು ಅನ್ನೋದನ್ನು ಅವರಷ್ಟು ಚೆನ್ನಾಗಿ ಇನ್ಯಾರೂ ಕಲಿಸಲಾರರು. ಹಮಾಲರನ್ನು ಹೆಸರು ಹಿಡಿದು "ಅಣ್ಣಾ" ಅಂತ ಮಾತಾಡಿಸುವ ವ್ಯಾಪಾರಿಗೂ, "ಏ ಬಾರಲೇ" ಅನ್ನುವ ವ್ಯಾಪಾರಿಗೂ ಸುಗ್ಗಿಯ ಗದ್ದಲದಲ್ಲಿ ಲೋಡಿಂಗ್ ಯಾವ ಹೊತ್ತಿಗೆ ಆಗುತ್ತೆ ಅನ್ನೋದರಲ್ಲೇ ವ್ಯತ್ಯಾಸ ಕಾಣುತ್ತೆ. ಲಾಭಕ್ಕೋಸ್ಕರ ಮರ್ಯಾದೆ ಕೊಡಿ ಅಂತ ನಾನು ಹೇಳ್ತಿಲ್ಲ. ಮರ್ಯಾದೆ ಅವರಿಗೆ ಸಲ್ಲಬೇಕಾದ್ದು, ಕೊಡಿ.

ಇದಕ್ಕೆ ಸಂಬಂಧಪಟ್ಟ ಒಂದು ಹಳೆಯ ಅಧ್ಯಯನ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದದ್ದು. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದವರಿಂದ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದರು: ಕೆಲಸದ ಸುದ್ದಿ ಕೊಟ್ಟವರನ್ನು ನೀವು ಆಗ ಎಷ್ಟು ಸಲ ಭೇಟಿ ಆಗ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ಸಿಗುವ ಆಪ್ತರಿಂದ ಸುದ್ದಿ ಬಂದದ್ದು ನೂರಕ್ಕೆ ಸುಮಾರು 17 ಜನರಿಗೆ ಮಾತ್ರ. ಉಳಿದವರಿಗೆಲ್ಲ ಯಾವಾಗಲೋ ಒಮ್ಮೆ, ಕೆಲವರಿಗಂತೂ ವರ್ಷಕ್ಕೊಮ್ಮೆಯೂ ಸಿಗದವರಿಂದ ಸುದ್ದಿ ಬಂದಿತ್ತು. ಕೇಳಿದ್ದು 54 ಜನರನ್ನು, ಅಷ್ಟೇ. ಆದರೆ ಅದರ ಹಿಂದಿನ ಕಾರಣ ಗಟ್ಟಿಯಾದದ್ದು. ದಿನಾ ಕೂಡಿ ಕೂರುವ ನಾಲ್ಕು ಜನಕ್ಕೆ ಗೊತ್ತಿರೋದು ಒಂದೇ. ಬೇರೆ ಕಡೆ ಓಡಾಡುವವರಿಗೆ ಬೇರೆಯದು ಗೊತ್ತಿರುತ್ತೆ.

ನಮ್ಮ ಊರಿಗೆ ಇದನ್ನು ಹೊಂದಿಸಿ ನೋಡೋಣ. ಇಲ್ಲಿ ಒಂದು ಮಾತು ಬಿಚ್ಚಿಯೇ ಹೇಳಬೇಕು. ನಮ್ಮ ಕಡೆ ಮೊದಲ ಉದ್ದರಿ, ಮೊದಲ ಜಾಮೀನು, ಮೊದಲ ಮಳಿಗೆ ಸಿಗೋದು ನೆಂಟರಿಂದ, ಸ್ವಂತ ಜಾತಿಯವರಿಂದ. ಅದು ಸಿಕ್ಕವರಿಗೆ ಶುರು ಸುಲಭ, ಸಿಗದವರಿಗೆ ಕಷ್ಟ. ಇದು ಅನ್ಯಾಯ ಅಂತಲೇ ನಾನು ಅನ್ನುತ್ತೇನೆ. ಆದರೆ ಅದು ಸಿಕ್ಕವರೂ ಒಂದು ವಿಷಯ ತಿಳಿದಿರಲಿ: ಆ ಬಳಗದೊಳಗೇ ಉಳಿದರೆ ಎಲ್ಲರೂ ಒಂದೇ ಸರಕು, ಒಂದೇ ಗಿರಾಕಿ, ಒಂದೇ ಸುದ್ದಿ. ಬೆಲೆ ಬಿದ್ದಾಗ ಎಲ್ಲರೂ ಕೂಡಿಯೇ ಬೀಳ್ತಾರೆ. ಇಲ್ಲೇ ನೋಡಿ, ಈ ಹಾಲ್‌ನಲ್ಲಿ ಚಳ್ಳಕೆರೆಯವರಿದ್ದಾರೆ, ಹೊನ್ನಾಳಿಯವರಿದ್ದಾರೆ, ಹರಪನಹಳ್ಳಿಯವರಿದ್ದಾರೆ, ಮಂಡಕ್ಕಿ ಭಟ್ಟಿಯವರ ಮನೆಯ ಮಕ್ಕಳಿದ್ದಾರೆ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೀರಿ. ನಿಮ್ಮ ಪಕ್ಕದವರ ಮನೆಯಲ್ಲಿ ಏನು ಬೆಳೀತಾರೆ, ಯಾರಿಗೆ ಮಾರ್ತಾರೆ ಅಂತ ಯಾವತ್ತಾದರೂ ಕೇಳಿದ್ದೀರಾ?

ಮಂಡಕ್ಕಿ ಅಂದೆ, ಅದನ್ನೂ ಒಂಚೂರು ಹೇಳಿಬಿಡ್ತೀನಿ. ಸಂಜೆ ಮಿರ್ಚಿ ಜೊತೆ ಮಂಡಕ್ಕಿ ತಿನ್ನದ ದಾವಣಗೆರೆಯವರು ಇಲ್ಲ. ಭಟ್ಟಿಗೆ ಹೋಗಿ ನೋಡಿದವರು ಎಷ್ಟು ಜನ? ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಿಸಬೇಕು, ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿಯಬೇಕು. ಆ ಕಾವಿನ ಮುಂದೆ ಬೆಳಗಿನಿಂದ ನಿಲ್ಲಬೇಕು. ಭತ್ತದ ತಳಿ ಬದಲಾದರೆ ಅರಳೋದು ಬದಲಾಗುತ್ತೆ. ಮಳೆಗಾಲದಲ್ಲಿ ಒಣಗಿಸೋದೇ ದೊಡ್ಡ ಪಾಡು. ಹಗುರವಾದ ಮಾಲು, ಲಾರಿ ತುಂಬುತ್ತೆ ಆದರೆ ತೂಕ ಬರೋದಿಲ್ಲ, ಹಾಗಾಗಿ ದೂರ ಕಳಿಸಿದಷ್ಟೂ ಬಾಡಿಗೆ ಭಾರ. ಈ ಒಂದೊಂದು ತೊಂದರೆಯೂ ಓದಿದವರೊಬ್ಬರು ಕೂತು ಬಿಡಿಸಬೇಕಾದ ಕೆಲಸ. ಒಣಗಿಸುವ ಯಂತ್ರ, ಗಟ್ಟಿ ಪ್ಯಾಕಿಂಗ್, ಹೊರ ಜಿಲ್ಲೆಯ ಗಿರಾಕಿ, ಇದರಲ್ಲಿ ಒಂದನ್ನು ಹಿಡಿದರೂ ಸಾಕು.

ಸರಿ, ಹಣದ ಮಾತಿಗೆ ಬರೋಣ. ವ್ಯಾಪಾರದಲ್ಲಿ ಪರಿಚಯ ಎಷ್ಟು ಗಟ್ಟಿ ಅಂತ ಗೊತ್ತಾಗೋದು ಉದ್ದರಿಯಲ್ಲಿ. ನಿಮಗೆ ಎಷ್ಟು ದಿನದ ಉದ್ದರಿ ಸಿಗುತ್ತೆ, ನೀವು ಎಷ್ಟು ದಿನದ್ದು ಕೊಡ್ತೀರಿ. ಲೆಕ್ಕ ಹಾಕಿ. ತಿಂಗಳಿಗೆ 10 ಲಕ್ಷದ ಮಾಲು ಮಾರ್ತೀರಿ, ಗಿರಾಕಿ 60 ದಿನಕ್ಕೆ ದುಡ್ಡು ಕೊಡ್ತಾರೆ. ಯಾವ ಹೊತ್ತಿಗೆ ನೋಡಿದರೂ ನಿಮ್ಮ 20 ಲಕ್ಷ ಬೇರೆಯವರ ಹತ್ತಿರ ಇರುತ್ತೆ. ಅಷ್ಟಕ್ಕೆ ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಕಟ್ಟಿದರೆ 2 ಲಕ್ಷ 40 ಸಾವಿರ. ವರ್ಷದ ವಹಿವಾಟು 1 ಕೋಟಿ 20 ಲಕ್ಷ. ನೂರಕ್ಕೆ 4 ಗಿಟ್ಟುವ ವ್ಯಾಪಾರವಾದರೆ ಲಾಭ 4 ಲಕ್ಷ 80 ಸಾವಿರ. ಅರ್ಧ ಬಡ್ಡಿಗೇ ಹೋಯಿತು! ಹಾಗಾಗಿ ರೇಟಿನ ಮಾತಾಡುವಾಗಲೇ ದಿನದ ಮಾತೂ ಆಡಿಬಿಡಿ. ರೇಟಿಗೆ ಗಂಟೆಗಟ್ಟಲೆ ಚೌಕಾಸಿ ಮಾಡಿ, ದುಡ್ಡು ಯಾವಾಗ ಅಂತ ಕೇಳೋಕೆ ನಾಚಿಕೊಳ್ಳುವ ಹುಡುಗರನ್ನು ತುಂಬಾ ನೋಡಿದ್ದೇನೆ.

ಇಲ್ಲಿ ಕಾನೂನೂ ನಿಮ್ಮ ಕಡೆಗಿದೆ. 2006ರ ಎಂಎಸ್ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ, ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ ಅತಿ ಸಣ್ಣ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಅಥವಾ ಸೇವೆ ತಗೊಂಡವರು ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಅದರ ಪ್ರಕಾರ, ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಬಿಗಿ ಬಂದಿದೆ: ಈ ಗಡುವು ಮೀರಿ ಬಾಕಿ ಇಟ್ಟರೆ, ಖರೀದಿ ಮಾಡಿದವರು ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ, ಅದಕ್ಕೆ ಯಾವ ಏಜೆಂಟರಿಗೂ ಸಾವಿರಗಟ್ಟಲೆ ಕೊಡಬೇಕಾಗಿಲ್ಲ. ಒಂದು ಎಚ್ಚರಿಕೆ. ಮಾಲು ತಂದು ಹಾಗೇ ಮಾರುವ ವರ್ತಕರೂ ಉದ್ಯಮ್ ನೋಂದಣಿ ಮಾಡಿಸಬಹುದು, ಆದರೆ ಅವರಿಗೆ ಅದು ಆದ್ಯತಾ ಸಾಲಕ್ಕೆ ಮಾತ್ರ. ಈ 45 ದಿನದ ರಕ್ಷಣೆ ತಯಾರಿಕೆ ಮತ್ತು ಸೇವೆಯವರಿಗೆ. ಇದು ಎಷ್ಟೋ ಜನ ವ್ಯಾಪಾರಸ್ಥರಿಗೇ ಗೊತ್ತಿಲ್ಲ.

ಹೊಸ ಪಾರ್ಟಿ ಜೊತೆ ವ್ಯವಹಾರ ಮಾಡುವ ಮುಂಚೆ ಅವರ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಿ. ನೋಂದಣಿ ಚಾಲ್ತಿಯಲ್ಲಿದೆಯಾ, ಯಾವ ವರ್ಷದಿಂದ ಇದೆ, ರಿಟರ್ನ್ ಹೊತ್ತಿಗೆ ಸರಿಯಾಗಿ ತುಂಬ್ತಾರಾ, ಎಲ್ಲ ಅಲ್ಲೇ ಕಾಣುತ್ತೆ. ನೀವು ಅವರಿಂದ ಮಾಲು ತಗೊಂಡು ತೆರಿಗೆ ಕಟ್ಟಿ, ಅವರು ಮಾರಾಟವನ್ನು ರಿಟರ್ನ್‌ನಲ್ಲಿ ತೋರಿಸದೇ ಹೋದರೆ ನಿಮ್ಮ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಗುವ ವಜಾ, ಸಿಕ್ಕಿಹಾಕಿಕೊಳ್ಳುತ್ತೆ. ಪರಿಚಯದವರು ಹೇಳಿದರು ಅಂತ ಇದನ್ನು ಬಿಡಬೇಡಿ. ಎರಡು ನಿಮಿಷದ ಕೆಲಸ.

ಬ್ಯಾಂಕಿನ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಮ್ಯಾನೇಜರ್ ಪರಿಚಯ ಮಾಡಿಸಿ ಅಂತ ಕೇಳ್ತೀರಿ. ಮ್ಯಾನೇಜರಿಗೆ ಕೆಲವು ವರ್ಷಕ್ಕೆ ವರ್ಗಾವಣೆ ಆಗುತ್ತೆ, ನಿಮ್ಮ ಫೈಲು ಮಾತ್ರ ಅಲ್ಲೇ ಇರುತ್ತೆ. ಆ ಫೈಲನ್ನು ಈಗಿಂದಲೇ ಕಟ್ಟಿ. ಕರೆಂಟ್ ಖಾತೆಯಲ್ಲಿ ವ್ಯವಹಾರ ನಡೆಸಿ, ರೋಖದಲ್ಲೇ ಎಲ್ಲ ಮುಗಿಸಬೇಡಿ. ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ಬ್ಯಾಂಕಿಗೆ ತೋರಿಸುವ ಸಿಬಿಲ್ ಅಂಕ 300ರಿಂದ 900ರ ನಡುವೆ ಇರುತ್ತೆ. ಮೊಬೈಲ್ ಕೊಂಡಾಗಿನ ಕಂತು ತಪ್ಪಿದರೂ ಅದು ಇಳಿಯುತ್ತೆ, ಗೆಳೆಯನಿಗೆ ಜಾಮೀನು ಹಾಕಿ ಅವನು ಕಟ್ಟದಿದ್ದರೂ ನಿಮಗೇ ತಟ್ಟುತ್ತೆ. ಸಬ್ಸಿಡಿ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಓಡುವವರಿಗೆ ಒಂದು ಮಾತು. ಪಿಎಂಇಜಿಪಿ ಥರದ ಯೋಜನೆಯಲ್ಲಿ ಸಬ್ಸಿಡಿ ಹಣ ಕೈಗೆ ಬರೋದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತು ಆಮೇಲೆ ಸಾಲಕ್ಕೆ ಹೊಂದಿಕೆ ಆಗುತ್ತೆ. ಅದನ್ನು ನಂಬಿ ಯಂತ್ರದ ಆರ್ಡರ್ ಕೊಡಬೇಡಿ.

ಸಂಘ ಸಂಸ್ಥೆಗೆ ಸೇರಬೇಕಾ ಅಂತ ಒಂದು ಚೀಟಿ ಇತ್ತು. ಸೇರಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಕಟ್ಟಿಸಿದರು. ಇವತ್ತಿನ ಎಫ್‌ಕೆಸಿಸಿಐ, ಅಂದರೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, ಅದೇ. ಸಣ್ಣ ಕೈಗಾರಿಕೆಯವರ ಕಾಸಿಯಾ 1949ರದ್ದು. ಅಲ್ಲಿಗೆ ಹೋದಾಗ ವಿಸಿಟಿಂಗ್ ಕಾರ್ಡ್ ಹಂಚುತ್ತಾ ತಿರುಗಬೇಡಿ. ಏನಾದರೂ ಕೆಲಸ ವಹಿಸಿಕೊಳ್ಳಿ. ಜಿಎಸ್‌ಟಿ ಕಾರ್ಯಾಗಾರಕ್ಕೆ ಹೆಸರು ಬರೆದುಕೊಳ್ಳೋದು, ಬಂದವರ ಪ್ರಶ್ನೆಗಳನ್ನು ಪಟ್ಟಿ ಮಾಡೋದು, ವರದಿ ಬರೆಯೋದು. ಹಿರಿಯರಿಗೆ ನಿಮ್ಮ ಮುಖ ನೆನಪಿರೋದು "ಆ ಕೆಲಸ ಒಪ್ಪಿಸಿದ್ದೆ, ಹೊತ್ತಿಗೆ ಸರಿಯಾಗಿ ಮುಗಿಸಿದ" ಅನ್ನೋದರಿಂದ.

ಮುಂದಿನ ಸಾಲಿನ ಒಬ್ಬರು ಕೇಳಿದರು: ಹೆಣ್ಣುಮಕ್ಕಳು ಮಂಡಿಗೆ ಹೇಗೆ ಹೋಗೋದು ಸರ್, ಮನೆಯಲ್ಲೂ ಬಿಡೋದಿಲ್ಲ, ಅಲ್ಲೂ ಎಲ್ಲರೂ ನೋಡ್ತಾರೆ ಅಂತ. ನಿಜ, ಅಂಥ ಕಡೆ ಹೆಂಗಸರು ಅಂದರೆ ಕಾಳು ಹಸನು ಮಾಡುವವರು ಮಾತ್ರ ಅನ್ನೋ ಹಾಗೆ ಇದೆ. ಇದು ಬದಲಾಗಬೇಕು, ಬದಲಾಯಿಸಬೇಕಾದ್ದು ನಿಮ್ಮೊಬ್ಬರ ಹೊಣೆ ಅಲ್ಲ, ನಮ್ಮಂಥ ಅಂಗಡಿಯವರದ್ದು. ನನ್ನ ಅಂಗಡಿಯ ಲೆಕ್ಕ ನೋಡುವವರು ಒಬ್ಬ ಹೆಣ್ಣುಮಗಳು, ಬಾಕಿ ವಸೂಲಿಯ ಫೋನೂ ಅವರೇ ಮಾಡ್ತಾರೆ, ಅವರ ಮಾತಿಗೆ ಇಲ್ಲ ಅನ್ನುವವರು ಕಡಿಮೆ. ಇಬ್ಬರು ಮೂವರು ಗೆಳತಿಯರು ಕೂಡಿ ಹೋಗಿ, ಕಾಲೇಜಿನಿಂದ ಒಂದು ಪತ್ರ ತಗೊಂಡು ಹೋಗಿ. ಪ್ರಾಜೆಕ್ಟಿನ ಹೆಸರಿದ್ದರೆ ಮನೆಯವರೂ ಒಪ್ತಾರೆ. ಈ ಪತ್ರ ಕೊಡಿಸುವ ಕೆಲಸ ಇಲ್ಲಿ ಕೂತಿರೋ ಮೇಷ್ಟ್ರುಗಳು ಮಾಡಲೇಬೇಕು ಅಂತ ಎಲ್ಲರ ಮುಂದೆಯೇ ಕೇಳಿಕೊಳ್ತೀನಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ಹೋಗೋದು ಯಾವಾಗ? ಒಳ್ಳೆ ಪ್ರಶ್ನೆ. ಮೆಕ್ಕೆಜೋಳದ ಸುಗ್ಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು. ಆಗ ಬೆಳಿಗ್ಗೆ ಹೋದರೆ ಸುಮ್ನೆ ಒಂದು ಪಕ್ಕ ನಿಂತು ನೋಡಿ, ಯಾರನ್ನೂ ಮಾತಾಡಿಸಬೇಡಿ. ಲಾಟ್ ನಂಬರ್ ಹಾಕೋದು, ಮಾಲು ಕೈಯಲ್ಲಿ ಹಿಡಿದು ನೋಡೋದು, ಟೆಂಡರ್ ಬೆಲೆ ಹಾಕೋದು, ತೂಕ ಮಾಡೋದು, ಎಲ್ಲ ಕಣ್ಣಿಗೆ ಬೀಳಲಿ. ಮಾತಾಡೋಕೆ ಮಧ್ಯಾಹ್ನ ಊಟ ಆದ ಮೇಲೆ ಹೋಗಿ, ತೂಕ ಮುಗಿದು ಲೆಕ್ಕ ಬರೆಯುವ ಮುಂಚೆ ಒಂದಿಷ್ಟು ಬಿಡುವು ಇರುತ್ತೆ. ನೋಟ್‌ಬುಕ್ ತಗೊಂಡು ಹೋಗಿ, ಮೊಬೈಲ್ ಜೇಬಲ್ಲಿರಲಿ. ಎಪಿಎಂಸಿಯಲ್ಲಿ ಯಾವ ಮಂಡಿ ಅಂತ ಗೊತ್ತಾಗದಿದ್ದರೆ ನನ್ನ ಅಂಗಡಿಗೆ ಬನ್ನಿ, ಮೊದಲ ದಿನ ನಾನೇ ಕರೆದುಕೊಂಡು ಹೋಗ್ತೀನಿ.